ನಿಂತುಹೋದ ಗೀಸರು ಕಲಿಸಿದ ಪಾಠ



ಕನ್ನಡ ಕಲಿಸುವ ಮಾಸ್ತರರು ಈ ಸಲ ವ್ಯಾಕರಣವನ್ನು ಬಿಟ್ಟು ನೀರು ಕಾಯಿಸುವ ಯಂತ್ರದ ವಿಷಯವಾಗಿ ಬರೆಯಲು ಹೊರಟಿದ್ದಾರಲ್ಲ ಎಂದು ನಿಮಗೆ ಆಶ್ಚರ್ಯವಾಗಬಹುದು. ನಾನು ವಿಜಯಪುರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿಯೇ ಹತ್ತನೆಯ ತರಗತಿಯನ್ನು ಮುಗಿಸಿ, ಹೊಟ್ಟೆಪಾಡಿಗಾಗಿ ಘಟ್ಟದ ಈ ಸೀಮೆಗೆ ಬಂದವನು. ನಮ್ಮ ಗುರುಗಳು ಕರಿಹಲಗೆಯ ಮೇಲೆ ಕಲಿಸಿದಷ್ಟು ವಿಜ್ಞಾನವನ್ನು ಮಾತ್ರ ಬಲ್ಲೆ. ಆದರೆ ಹೋದ ವರ್ಷದ ಮಳೆಗಾಲದಲ್ಲಿ ಲೋಣಾವಳಾದ ನಮ್ಮ ಮನೆಯಲ್ಲಿ ಗೀಸರು ನಿಂತುಹೋದಾಗ, ಆ ಕರಿಹಲಗೆಯ ವಿಜ್ಞಾನವೂ ನನ್ನ ತಾಯಿಯ ಒಂದು ಮಾತೂ ಕೂಡಿ ನಮ್ಮ ಮನೆಯನ್ನು ಕಾಪಾಡಿದುವು. ಆ ಸಂಗತಿಯನ್ನೂ ಅದರಿಂದ ತಿಳಿದ ಪಾಠವನ್ನೂ ನಿಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶ.

ಹಂಡೆಯಿಂದ ಗೀಸರಿಗೆ

ನಮ್ಮ ಹಳ್ಳಿಯ ಬಚ್ಚಲುಮನೆಯಲ್ಲಿ ಒಲೆಯ ಮೇಲೆ ತಾಮ್ರದ ಹಂಡೆಯನ್ನು ಕೂರಿಸಿ ಮಣ್ಣು ಮೆತ್ತಿರುತ್ತಿದ್ದರು. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳು ಇವೇ ಅದರ ಇಂಧನ. ನೀರು ಕಾಯದಿದ್ದರೆ ಕಾರಣವನ್ನು ಹುಡುಕಲು ಪಂಡಿತರು ಬೇಕಾಗಿರಲಿಲ್ಲ. ಕಟ್ಟಿಗೆ ಹಸಿಯಾಗಿರಬೇಕು, ಹೊಗೆಗಿಂಡಿ ಕಟ್ಟಿರಬೇಕು, ಇಲ್ಲವೆ ಒಲೆಯ ಮುಂದೆ ಕುಳಿತ ಹುಡುಗ ಊದುವುದನ್ನು ಬಿಟ್ಟು ಆಡಲು ಹೋಗಿರಬೇಕು! ದೋಷವು ಕಣ್ಣಿಗೆ ಕಾಣುತ್ತಿತ್ತು. ಮಹಾರಾಷ್ಟ್ರದ ಮನೆಗಳ ತಾಮ್ರದ ಬಂಬವೂ ಅಂಥದೇ. ನಡುವಿನ ಕೊಳವೆಯಲ್ಲಿ ಬೆಂಕಿ, ಸುತ್ತಲೂ ನೀರು.

ಆದರೆ ಲೋಣಾವಳಾದಲ್ಲಿ ಒಣಕಟ್ಟಿಗೆಯ ಮಾತೆಲ್ಲಿ? ಸಮುದ್ರಮಟ್ಟದಿಂದ ಸುಮಾರು ೬೨೦ ಮೀಟರು ಎತ್ತರದಲ್ಲಿ, ಭೋರಘಾಟದ ನೆತ್ತಿಯ ಮೇಲಿರುವ ಈ ಊರಿನಲ್ಲಿ ವರ್ಷಕ್ಕೆ ೪,೦೦೦ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ನನ್ನ ವಿಜಯಪುರದ ಮಳೆ ೬೦೦ ಮಿಲಿಮೀಟರಿನ ಆಸುಪಾಸಿನದು. ಇಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಗೋಡೆ ಬೆವರುತ್ತದೆ, ಹಾಸಿಗೆ ತಣ್ಣಗಿರುತ್ತದೆ, ಬೆಂಕಿಕಡ್ಡಿ ಸಹ ಹತ್ತಲು ಒಲ್ಲೆನೆನ್ನುತ್ತದೆ. ಆದುದರಿಂದ ಬಿಸಿನೀರಿಗೆ ವಿದ್ಯುತ್ತೇ ಗತಿ. ಈ ವಿದ್ಯುತ್ತಿಗೂ ಊರಿನ ಮಳೆಗೂ ಹಳೆಯ ನಂಟುಂಟು. ಲೋಣಾವಳಾ, ವಳವಣ, ಶಿರವಟಾ ಕೆರೆಗಳಲ್ಲಿ ಮಳೆಯ ನೀರನ್ನು ತಡೆದು, ಐದುನೂರು ಮೀಟರಿಗೂ ಹೆಚ್ಚು ಆಳಕ್ಕೆ ಕೊಳವೆಗಳಲ್ಲಿ ಇಳಿಸಿ, ಘಟ್ಟದ ಕೆಳಗಿನ ಖೋಪೋಲಿಯಲ್ಲಿ ಟಾಟಾ ಸಂಸ್ಥೆಯವರು ೧೯೧೫ರಲ್ಲಿಯೇ ವಿದ್ಯುತ್ತನ್ನು ತೆಗೆದು ಮುಂಬಯಿಯ ಗಿರಣಿಗಳಿಗೆ ಒದಗಿಸಿದರು. ಕನ್ನಡಿಗರಾದ ನಮಗೆ ಇಲ್ಲಿ ಶಿವನಸಮುದ್ರದ ನೆನಪು ಬಾರದಿರದು. ಅಲ್ಲಿ ಕಾವೇರಿಯ ನೀರಿನಿಂದ ೧೯೦೨ರಲ್ಲಿ ವಿದ್ಯುತ್ತು ಹುಟ್ಟಿ ಕೋಲಾರದ ಚಿನ್ನದ ಗಣಿಗಳಿಗೆ ಹರಿದಿತ್ತು.

ಒಲೆಯ ಬೆಂಕಿ ಕಾಣುತ್ತದೆ; ತಂತಿಯೊಳಗಿನ ವಿದ್ಯುತ್ತು ಕಾಣುವುದಿಲ್ಲ. ಆದುದರಿಂದ ಹಂಡೆ ಕೆಟ್ಟಾಗ ಕಣ್ಣು ಸಾಕಾಗುತ್ತಿತ್ತು, ಗೀಸರು ಕೆಟ್ಟಾಗ ವಿಚಾರ ಬೇಕಾಗುತ್ತದೆ.

ಗೀಸರಿನ ಒಳಗೆ ಏನಿದೆ?

ನೆಲದಿಂದ ಬಿಸಿನೀರನ್ನು ಚಿಮ್ಮಿಸುವ ಐಸ್‌ಲೆಂಡ್ ದೇಶದ ಬುಗ್ಗೆಯೊಂದರ ಹೆಸರಿನಿಂದ ‘ಗೀಸರು’ ಎಂಬ ಮಾತು ಬಂದಿದೆ. ನಮ್ಮ ಗೋಡೆಯ ಮೇಲಿನ ಗೀಸರಿನಲ್ಲಿ ಮುಖ್ಯವಾದ ಭಾಗಗಳು ಐದು. ಮೊದಲನೆಯದು ನೀರು ತುಂಬುವ ತೊಟ್ಟಿ. ಎರಡನೆಯದು ನೀರನ್ನು ಕಾಯಿಸುವ ಕಡ್ಡಿ, ಅಂದರೆ ಎಲಿಮೆಂಟು. ಇದರ ನಡುವೆ ನೈಕ್ರೋಮ್ ಎಂಬ ಮಿಶ್ರಲೋಹದ ಸುರುಳಿತಂತಿ, ಹೊರಗೆ ಲೋಹದ ಕವಚ, ಇವೆರಡರ ನಡುವೆ ಗಟ್ಟಿಯಾಗಿ ತುಂಬಿದ ಮೆಗ್ನೀಸಿಯಮ್ ಆಕ್ಸೈಡಿನ ಪುಡಿ. ಈ ಪುಡಿಯ ಗುಣ ವಿಚಿತ್ರವಾದುದು. ಅದು ಉಷ್ಣವನ್ನು ಹಾಯಗೊಡುತ್ತದೆ, ವಿದ್ಯುತ್ತನ್ನು ಹಾಯಗೊಡುವುದಿಲ್ಲ. ಆದರೆ ಅದಕ್ಕೆ ತೇವ ತಗಲಿತೆಂದರೆ ಕಾವಲುಗಾರನೇ ಕಳ್ಳನಿಗೆ ಬಾಗಿಲು ತೆರೆದಂತೆ ಆಗುತ್ತದೆ. ಮೂರನೆಯದು ಥರ್ಮೋಸ್ಟಾಟು, ನೀರು ಬೇಕಾದಷ್ಟು ಕಾದೊಡನೆ ಪ್ರವಾಹವನ್ನು ನಿಲ್ಲಿಸಿ, ತಣಿದಾಗ ಮತ್ತೆ ಹರಿಸುವುದು ಇದರ ಕೆಲಸ. ನಾಲ್ಕನೆಯದು ಥರ್ಮಲ್ ಕಟೌಟು. ಥರ್ಮೋಸ್ಟಾಟು ಕೈಕೊಟ್ಟು ನೀರು ಮಿತಿಮೀರಿ ಕಾಯತೊಡಗಿದರೆ ಇದು ಸಂಪೂರ್ಣವಾಗಿ ತಡೆಯುತ್ತದೆ. ಐದನೆಯದು ಒತ್ತಡ ಹೆಚ್ಚಾದಾಗ ತೆರೆದುಕೊಳ್ಳುವ ಸುರಕ್ಷೆಯ ವಾಲ್ವು. ಇವಲ್ಲದೆ ತೊಟ್ಟಿಯ ಒಳಗೆ ಮೆಗ್ನೀಸಿಯಮ್ಮಿನ ಒಂದು ದಂಡವಿರುತ್ತದೆ. ತಾನು ಸವೆದು ತೊಟ್ಟಿಗೆ ತುಕ್ಕು ಹಿಡಿಯದಂತೆ ಕಾಯುವುದೇ ಅದರ ವ್ರತ. ಹಡಗಿನ ತಾಮ್ರದ ತಗಡನ್ನು ಬೇರೊಂದು ಲೋಹದ ಬಲಿಯಿಂದ ಉಳಿಸಬಹುದೆಂದು ಸರ್ ಹಂಫ್ರಿ ಡೇವಿಯು ೧೮೨೪ರಲ್ಲಿ ತೋರಿಸಿದ ತತ್ತ್ವವೇ ಇಲ್ಲಿಯೂ ಇದೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ೧೫ ಲೀಟರು ನೀರನ್ನು ೨೦ ಡಿಗ್ರಿಯಿಂದ ೬೦ ಡಿಗ್ರಿ ಸೆಲ್ಸಿಯಸಿಗೆ ಏರಿಸಲು ೧೫ × ೪.೨ × ೪೦ = ೨,೫೨೦ ಕಿಲೋಜೂಲು ಉಷ್ಣ ಬೇಕು. ೨,೦೦೦ ವಾಟಿನ ಗೀಸರು ಸೆಕೆಂಡಿಗೆ ೨ ಕಿಲೋಜೂಲು ಕೊಡುತ್ತದೆ. ಆದುದರಿಂದ ೧,೨೬೦ ಸೆಕೆಂಡು, ಅಂದರೆ ೨೧ ನಿಮಿಷ. ಖರ್ಚಾಗುವ ವಿದ್ಯುತ್ತು ೦.೭ ಯುನಿಟ್ಟು. ೨೩೦ ವೋಲ್ಟಿನಲ್ಲಿ ಹರಿಯುವ ಪ್ರವಾಹ ಸುಮಾರು ೮.೭ ಆಂಪಿಯರು, ಎಲಿಮೆಂಟಿನ ರೋಧ ಸುಮಾರು ೨೬ ಓಮು. ಈ ಕೊನೆಯ ಅಂಕೆಯನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ನಡೆದ ಸಂಗತಿ

ಆಷಾಢದ ಮಳೆ ಹಗಲಿರುಳೂ ಸುರಿಯುತ್ತಿದ್ದ ದಿನಗಳವು. ಊರಿನಿಂದ ನನ್ನ ತಾಯಿ ಬಂದಿದ್ದಳು. ಒಂದು ದಿನ ಸ್ನಾನ ಮುಗಿಸಿ ಬಂದವಳು, “ತಮ್ಮಾ, ನಿಮ್ಮ ನಳ ಕೈಗೆ ಚುರ್ ಅಂತೈತಿ ನೋಡು. ಇರಿವಿ ಕಡದಂಗ ಆಗತೈತಿ” ಎಂದಳು. ನಾನು ಪತ್ರಿಕೆಯಿಂದ ತಲೆ ಎತ್ತದೆಯೆ, “ಥಂಡಿಗೆ ಕೈ ಜೋಮು ಹಿಡದಿರಬೇಕು, ಯವ್ವಾ” ಎಂದುಬಿಟ್ಟೆ. ಅವಳು ಸುಮ್ಮನಾದಳು. ಕಲಿತ ಮಗನ ಮಾತಿಗೆ ಎದುರಾಡುವ ಸ್ವಭಾವ ಅವಳದಲ್ಲ.

ಮೂರನೆಯ ದಿನ ಬೆಳಗಿನ ಐದೂವರೆ ಗಂಟೆ. ಅವ್ವ ಬಚ್ಚಲಿಗೆ ಹೋಗುವ ಮೊದಲು ನಾನು ಗೀಸರಿನ ಸ್ವಿಚ್ಚನ್ನು ಒತ್ತಿದೆ. ಒಡನೆಯೆ ‘ಟಪ್’ ಎಂದು ಸದ್ದಾಗಿ ಮನೆಯ ದೀಪಗಳೆಲ್ಲ ಆರಿದುವು. ಮೀಟರಿನ ಪಕ್ಕದ ಪೆಟ್ಟಿಗೆಯಲ್ಲಿ ಆರ್‌ಸಿಸಿಬಿ ಎಂಬ ರಕ್ಷಕದ ಕೀಲು ಕೆಳಗೆ ಬಿದ್ದಿತ್ತು. ಎತ್ತಿದೆ, ಮತ್ತೆ ಬಿದ್ದಿತು. ನಾನು ಪುಣೆಗೆ ಹೋಗುವ ಲೋಕಲ್ ಗಾಡಿಯನ್ನು ಹಿಡಿಯಬೇಕಾಗಿತ್ತು. ಆ ದಿನ ಪರೀಕ್ಷೆ ಬೇರೆ. ಸಿಟ್ಟಿನಿಂದ ನೆರೆಯಲ್ಲಿದ್ದ ಒಬ್ಬ ವೈರ್‌ಮನ್ನನನ್ನು ಕರೆತಂದೆ. ಅವನು ಪೆಟ್ಟಿಗೆಯನ್ನು ನೋಡಿದವನೆ, “ಮಾಸ್ತರ, ಮಳೆಗಾಲದಲ್ಲಿ ಈ ಕೀಲಿನ ಉಪದ್ರವ ಎಲ್ಲರ ಮನೆಯಲ್ಲೂ ಇದ್ದದ್ದೇ. ಇದನ್ನು ತಪ್ಪಿಸಿ ತಂತಿಯನ್ನು ನೇರವಾಗಿ ಜೋಡಿಸಿಬಿಡುತ್ತೇನೆ. ಐದು ನಿಮಿಷದ ಕೆಲಸ” ಎಂದು ಮರಾಠಿಯಲ್ಲಿ ಹೇಳಿದನು. ನಾನು ಆಗಲೆಂದು ತಲೆಯಾಡಿಸುವುದರಲ್ಲಿದ್ದೆ.

ಅವ್ವನಿಗೆ ಮರಾಠಿ ತಿಳಿಯದು. ಏನೆನ್ನುತ್ತಾನೆಂದು ಕೇಳಿದಳು. ಹೇಳಿದೆ. ಆಗ ಅವಳು, “ಎತ್ತು ನಡುಹೊಲದಾಗ ನಿಂತ್ರ ಬಾರಕೋಲು ಎತ್ತಬಾರದಪಾ. ಮದಲ ಅದರ ಕಾಲು ನೋಡಬೇಕು. ಮುಳ್ಳು ನಟ್ಟಿರತೈತಿ” ಎಂದಳು.

ನನ್ನ ಎದೆ ಝಲ್ಲೆಂದಿತು. ಮೂರು ದಿನದ ಹಿಂದಿನ ಇರುವೆ ಕಡಿತದ ಮಾತು ನೆನಪಾಯಿತು. ಥಂಡಿಗೆ ಕೈ ಜೋಮು ಹಿಡಿದುದಲ್ಲ ಅದು. ನಳದಲ್ಲಿ ವಿದ್ಯುತ್ತು ಸೋರುತ್ತಿತ್ತು! ವೈರ್‌ಮನ್ನನಿಗೆ ಕೈಮುಗಿದು ಕಳುಹಿಸಿದೆ. ಮೇನ್ ಸ್ವಿಚ್ಚನ್ನು ಆರಿಸಿ, ಒಣಗೈಯಿಂದ ಗೀಸರಿನ ಪ್ಲಗ್ಗನ್ನು ಕಿತ್ತೆ. ಎರಡು ದಿನ ಗ್ಯಾಸಿನ ಒಲೆಯ ಮೇಲೆ ನೀರು ಕಾಯಿತು.

ಕುರಿ ಎಣಿಸುವ ಕೀಲು

ಈ ರಕ್ಷಕವು ಮಾಡುವುದೇನು? ಕುರುಬನು ಬೆಳಿಗ್ಗೆ ಹಟ್ಟಿಯಿಂದ ಕುರಿಗಳನ್ನು ಎಣಿಸಿ ಬಿಡುತ್ತಾನೆ, ಸಂಜೆ ಎಣಿಸಿ ಒಳಗೆ ಕೂಡುತ್ತಾನೆ. ಒಂದು ಕಡಮೆಯಾದರೂ ತೋಳದ ಸಂಶಯ. ಹಾಗೆಯೇ ಈ ಕೀಲಿನೊಳಗೆ ವಿದ್ಯುತ್ತು ಹೋಗುವ ತಂತಿಯೂ ಮರಳುವ ತಂತಿಯೂ ಒಂದೇ ಬಳೆಯ ಮೂಲಕ ಹಾಯುತ್ತವೆ. ಹೋದಷ್ಟೇ ಮರಳಿದರೆ ಎರಡರ ಪ್ರಭಾವವೂ ಪರಸ್ಪರ ಕಳೆದುಹೋಗಿ ಶೂನ್ಯವಾಗುತ್ತದೆ. ಮರಳಿದುದು ಕಡಮೆಯಾದರೆ, ಉಳಿದ ಪ್ರವಾಹವು ಗೋಡೆಯ ಮೂಲಕವೋ ಮನುಷ್ಯನ ದೇಹದ ಮೂಲಕವೋ ನೆಲಕ್ಕೆ ಹೋಗಿದೆಯೆಂದೇ ಅರ್ಥ. ಈ ವ್ಯತ್ಯಾಸವು ೩೦ ಮಿಲಿಆಂಪಿಯರನ್ನು ಮುಟ್ಟುವುದರೊಳಗಾಗಿ, ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಕೀಲು ಬೀಳುತ್ತದೆ.

“ಮನೆಯಲ್ಲಿ ಎಂಸಿಬಿ ಇದೆಯಲ್ಲ, ಅದು ಸಾಲದೆ?” ಎಂದು ನೀವು ಕೇಳಬಹುದು. ಸಾಲದು. ಎಂಸಿಬಿಯು ತಂತಿಯು ಸುಡದಂತೆ ಕಾಯುತ್ತದೆ, ಮನುಷ್ಯನನ್ನಲ್ಲ. ೧೬ ಆಂಪಿಯರಿನ ಎಂಸಿಬಿಯ ಕಣ್ಣಿಗೆ ೦.೦೩ ಆಂಪಿಯರು ಲೆಕ್ಕಕ್ಕೇ ಬಾರದು. ಆದರೆ ಮನುಷ್ಯನ ಪ್ರಾಣಕ್ಕೆ ಅದು ಬಹಳವಾಯಿತು. ಸುಮಾರು ೧ ಮಿಲಿಆಂಪಿಯರು ಹರಿದಾಗ ಕೈಗೆ ಚುರುಕ್ಕೆನ್ನುತ್ತದೆ. ಕೆಲವು ಹತ್ತು ಮಿಲಿಆಂಪಿಯರಿನಲ್ಲಿ ಹೃದಯದ ತಾಳವೇ ತಪ್ಪಬಹುದು. ಒದ್ದೆಯಾದ ದೇಹದ ರೋಧವು ೧,೦೦೦ ಓಮಿನ ಸುತ್ತಮುತ್ತ ಇಳಿದರೆ, ೨೩೦ ವೋಲ್ಟಿಗೆ ಹರಿಯುವುದು ೨೩೦ ಮಿಲಿಆಂಪಿಯರು. ಅವ್ವನಿಗೆ ತಗಲಿದುದು ಇರುವೆ ಕಡಿತ; ಮುಂದೆ ಕಾದಿದ್ದುದು ಹಾವಿನ ಕಡಿತ.

ಕಾರಣವನ್ನು ಹುಡುಕಿದ ಬಗೆ

ಮೂರನೆಯ ದಿನ ಅನುಭವಿಯಾದ ಇನ್ನೊಬ್ಬ ವೈರ್‌ಮನ್ನನು ಬಂದನು. ಅವನು ಕೆಲಸ ಮಾಡಿದ ಕ್ರಮವನ್ನು ನೋಡಿ ನನಗೆ ನಮ್ಮ ರೇಖಾಗಣಿತದ ಗುರುಗಳ ನೆನಪಾಯಿತು. ಒಂದು ಸಲಕ್ಕೆ ಒಂದೇ ಪ್ರಶ್ನೆ. ಉತ್ತರ ಸಿಕ್ಕಮೇಲೆಯೇ ಇನ್ನೊಂದು.

ಮೊದಲನೆಯ ಪ್ರಶ್ನೆ: ದೋಷವು ಮನೆಯ ತಂತಿಗಳಲ್ಲಿಯೋ, ಗೀಸರಿನ ಕಡೆಯೋ? ಗೀಸರಿನ ಪ್ಲಗ್ಗು ಹೊರಗಿರುವಾಗ ಕೀಲನ್ನು ಎತ್ತಿದನು, ನಿಂತಿತು. ಮನೆಯ ದೀಪಗಳೆಲ್ಲ ಹತ್ತಿದುವು. ಆದುದರಿಂದ ಉಳಿದ ತಂತಿಗಳು ನಿರ್ದೋಷಿಗಳು.

ಎರಡನೆಯ ಪ್ರಶ್ನೆ: ಸಾಕೆಟ್ಟಿನಲ್ಲಿಯೋ, ಗೀಸರಿನಲ್ಲಿಯೋ? ಅದೇ ಸಾಕೆಟ್ಟಿಗೆ ಇಸ್ತ್ರಿಪೆಟ್ಟಿಗೆಯನ್ನು ಜೋಡಿಸಿದನು, ಕೀಲು ಬೀಳಲಿಲ್ಲ. ದೋಷವು ಗೀಸರಿನಲ್ಲಿಯೇ ಇದೆಯೆಂದಾಯಿತು.

ಮೂರನೆಯ ಪ್ರಶ್ನೆ: ಗೀಸರಿನ ಯಾವ ಭಾಗದಲ್ಲಿ? ಮೇನ್ ಸ್ವಿಚ್ಚನ್ನು ಆರಿಸಿ, ಟೆಸ್ಟರಿನಿಂದ ಪರೀಕ್ಷಿಸಿ, ಮುಚ್ಚಳವನ್ನು ತೆಗೆದನು. ಎಲಿಮೆಂಟಿನ ತಂತಿಗಳನ್ನು ಬಿಡಿಸಿ, ಅದರ ಎರಡು ತುದಿಗಳ ನಡುವಿನ ರೋಧವನ್ನು ಅಳೆದನು: ೨೬ ಓಮು. ಅಂದರೆ ಒಳಗಿನ ಸುರುಳಿ ಹರಿದಿರಲಿಲ್ಲ! ಆಮೇಲೆ ಮೆಗ್ಗರ್ ಎಂಬ ಉಪಕರಣದಿಂದ ಎಲಿಮೆಂಟಿನ ತುದಿಗೂ ಹೊರಗಿನ ಲೋಹಕ್ಕೂ ನಡುವೆ ಅಳೆದನು. ಲಕ್ಷಗಟ್ಟಲೆ ಓಮುಗಳಿರಬೇಕಾದ ಕಡೆ ಮುಳ್ಳು ಹೆಚ್ಚುಕಡಮೆ ಸೊನ್ನೆಯನ್ನು ತೋರಿಸಿತು.

ವಿದ್ಯಾರ್ಥಿಗಳೆ, ಇಲ್ಲಿ ಒಂದು ನಿಮಿಷ ನಿಂತು ಯೋಚಿಸಿರಿ. ಸುರುಳಿಯು ಸರಿಯಾಗಿದ್ದುದರಿಂದ, ಮೊದಲಿನ ವೈರ್‌ಮನ್ನನು ಹೇಳಿದಂತೆ ರಕ್ಷಕವನ್ನು ತಪ್ಪಿಸಿ ತಂತಿ ಜೋಡಿಸಿದ್ದರೆ ಗೀಸರು ನಡೆಯುತ್ತಿತ್ತು. ನೀರು ಚೆನ್ನಾಗಿ ಕಾಯುತ್ತಿತ್ತು. “ಸರಿಹೋಯಿತು” ಎಂದು ನಾನು ಹಣ ಕೊಟ್ಟು, ಗಾಡಿ ಹಿಡಿದು, ನಿಶ್ಚಿಂತೆಯಿಂದ ಶಾಲೆಗೆ ಬರುತ್ತಿದ್ದೆ. ಅತ್ತ ಅವ್ವ ಒದ್ದೆಗೈಯಿಂದ ನಳವನ್ನು ಮುಟ್ಟುತ್ತಿದ್ದಳು. ಇದನ್ನು ನೆನೆದಾಗಲೆಲ್ಲ ನನಗೆ ಈಗಲೂ ಮೈ ನಡುಗುತ್ತದೆ.

ನಾಲ್ಕನೆಯ ಪ್ರಶ್ನೆ: ಸೋರಿದ ವಿದ್ಯುತ್ತನ್ನು ನೆಲಕ್ಕೆ ಒಯ್ಯಬೇಕಾದ ಅರ್ಥಿಂಗ್ ತಂತಿ ಏನು ಮಾಡುತ್ತಿತ್ತು? ಸಾಕೆಟ್ಟನ್ನು ಬಿಚ್ಚಿದಾಗ ಉತ್ತರ ಸಿಕ್ಕಿತು. ಆ ತಂತಿಯ ತುದಿ ತಿರುಪಿನಿಂದ ಕಳಚಿಕೊಂಡು ಗಾಳಿಯಲ್ಲಿತ್ತು. ದಾರಿ ಕಾಣದ ವಿದ್ಯುತ್ತು ಕಬ್ಬಿಣದ ಕೊಳವೆಯನ್ನೂ ಒದ್ದೆಗೋಡೆಯನ್ನೂ ಹಿಡಿದು ಇಳಿಯುತ್ತಿತ್ತು. ಸೋರಿಕೆ ಹೆಚ್ಚಾದ ದಿನ ರಕ್ಷಕವು ಅದನ್ನು ಹಿಡಿಯಿತು.

ಹೊರಗೆ ತೆಗೆದ ಎಲಿಮೆಂಟಿನ ಮೇಲೆ ಸುಣ್ಣದಂಥ ಬಿಳಿಯ ಹೊರೆ ಕಟ್ಟಿತ್ತು. ಒಂದೆಡೆ ಕೂದಲೆಳೆಯಂಥ ಬಿರುಕು. ಕೆರೆಯಲ್ಲಿ ನಿಂತ ಮಳೆಯ ನೀರು ಮೃದುವಾದುದು. ಆದರೆ ಬೇಸಿಗೆಯಲ್ಲಿ ನಾವು ಬಳಸುತ್ತಿದ್ದುದು ಬೋರಿನ ಗಡಸುನೀರು. ಅದು ಕಾದಾಗ ಕ್ಯಾಲ್ಸಿಯಮ್ ಕಾರ್ಬೊನೇಟು ಎಲಿಮೆಂಟಿನ ಮೇಲೆ ಕೂಡುತ್ತದೆ. ಉಷ್ಣವು ನೀರಿಗೆ ಹಾಯಲಾರದೆ ಎಲಿಮೆಂಟೇ ಮಿತಿಮೀರಿ ಕಾದು ಕವಚ ಸೀಳುತ್ತದೆ. ಸೀಳಿನಿಂದ ತೇವ ಒಳನುಗ್ಗುತ್ತದೆ. ಮೆಗ್ನೀಸಿಯಮ್ಮಿನ ದಂಡವೂ ಸವೆದು ಕಡ್ಡಿಯಾಗಿತ್ತು. ಎಲಿಮೆಂಟು, ದಂಡ, ರಬ್ಬರಿನ ಗ್ಯಾಸ್ಕೆಟ್ಟು ಮೂರನ್ನೂ ಬದಲಿಸಿ, ಅರ್ಥಿಂಗ್ ತಂತಿಯನ್ನು ಬಿಗಿದು ಪರೀಕ್ಷಿಸಿ, ತೊಟ್ಟಿಯಲ್ಲಿ ನೀರು ತುಂಬಿದಮೇಲೆಯೇ ಸ್ವಿಚ್ಚು ಒತ್ತಿದನು. ಕೀಲು ನಿಂತಿತು, ನೀರು ಕಾಯಿತು.

ಇತರ ದೋಷಗಳನ್ನು ಗುರುತಿಸುವುದು

ಎಲ್ಲ ಗೀಸರುಗಳೂ ಇದೇ ಕಾರಣದಿಂದ ನಿಲ್ಲುವುದಿಲ್ಲ. ಹೊರಗಿನಿಂದಲೇ ತಿಳಿಯಬಹುದಾದ ಕೆಲವು ಲಕ್ಷಣಗಳನ್ನು ಕ್ರಮವಾಗಿ ಹೇಳುತ್ತೇನೆ.

೧. ದೀಪವೂ ಇಲ್ಲ, ಬಿಸಿಯೂ ಇಲ್ಲ. ಮೊದಲು ಮನೆಗೆ ವಿದ್ಯುತ್ತು ಇದೆಯೆ, ಎಂಸಿಬಿ ಬಿದ್ದಿದೆಯೆ, ಪ್ಲಗ್ಗು ಸಡಿಲವಾಗಿದೆಯೆ ನೋಡಿರಿ. ಪ್ಲಗ್ಗು ಕಪ್ಪಾಗಿ ಸುಟ್ಟ ವಾಸನೆ ಬರುತ್ತಿದ್ದರೆ ಮುಟ್ಟದೆ ಮೇನನ್ನು ಆರಿಸಿರಿ. ಇವೆಲ್ಲ ಸರಿಯಿದ್ದರೆ ಥರ್ಮಲ್ ಕಟೌಟು ತೆರೆದಿರಬಹುದು. ಅದನ್ನು ಮತ್ತೆ ಒತ್ತಿ ಕೂರಿಸುವ ಗುಂಡಿಯಿರುವುದುಂಟು. ಆದರೆ ನೀರು ಅತಿಯಾಗಿ ಕಾದುದು ಏಕೆಂದು ಕೇಳದೆ ಒತ್ತುವುದು ಬಾರಕೋಲು ಎತ್ತಿದಂತೆಯೇ ಸರಿ.

೨. ದೀಪ ಹತ್ತಿದೆ, ನೀರು ತಣ್ಣಗಿದೆ. ಎಲಿಮೆಂಟಿನ ಸುರುಳಿ ಹರಿದಿರಬಹುದು ಅಥವಾ ಥರ್ಮೋಸ್ಟಾಟು ಕೆಟ್ಟಿರಬಹುದು.

೩. ನೀರು ಕಾಯಲು ಬಹಳ ಹೊತ್ತು. ವೋಲ್ಟೇಜು ಇಳಿದಿರಬಹುದು. ಉಷ್ಣವು ವೋಲ್ಟೇಜಿನ ವರ್ಗವನ್ನು ಅನುಸರಿಸುತ್ತದೆ. ೨೩೦ಕ್ಕೆ ಬದಲು ೧೮೦ ವೋಲ್ಟು ಬಂದರೆ ೨,೦೦೦ ವಾಟಿನ ಗೀಸರು ೧,೨೨೫ ವಾಟನ್ನು ಮಾತ್ರ ಕೊಡುತ್ತದೆ. ೨೧ ನಿಮಿಷದ ಕೆಲಸಕ್ಕೆ ೩೪ ನಿಮಿಷ ಹಿಡಿಯುತ್ತದೆ. ವೋಲ್ಟೇಜು ಸರಿಯಿದ್ದರೆ ವೈರ್‌ಮನ್ನನಿಂದ ಎಲಿಮೆಂಟನ್ನು ಪರೀಕ್ಷಿಸಬೇಕು.

೪. ವಾಲ್ವಿನಿಂದ ಹನಿ. ನೀರು ಕಾಯುವಾಗ ಹಿಗ್ಗುವುದರಿಂದ ಕೆಲವು ಹನಿ ಬೀಳುವುದು ಸಹಜ. ಹನಿಯ ಕಾಟಕ್ಕೆ ಬೇಸತ್ತು ಅದರ ಬಾಯಿಗೆ ಬಿರಡೆ ಜಡಿಯುವವರುಂಟು. ಅವರು ತಮ್ಮ ಬಚ್ಚಲಿನಲ್ಲಿ ತೋಪನ್ನು ಹೂಡಿದಂತೆಯೇ ಸರಿ.

೫. ನಳದಲ್ಲಿ ನೀರೇ ಬಾರದಿದ್ದರೆ ಗೀಸರಿನ ಸ್ವಿಚ್ಚನ್ನು ಒತ್ತಲೇಬಾರದು. ನೀರಿಲ್ಲದ ತೊಟ್ಟಿಯಲ್ಲಿ ಎಲಿಮೆಂಟು ಸುಟ್ಟುಹೋಗುತ್ತದೆ.

ಇಷ್ಟನ್ನು ನೋಡುವುದು ಮನೆಯವರ ಕೆಲಸ. ಮುಚ್ಚಳವನ್ನು ತೆಗೆಯುವುದು ತಿಳಿದವರ ಕೆಲಸ. “ಸ್ವಿಚ್ಚು ಆರಿಸಿದ್ದೇನೆ, ಇನ್ನೇನು ಭಯ?” ಎನ್ನಬಾರದು. ಸ್ವಿಚ್ಚನ್ನು ತಪ್ಪಾಗಿ ನ್ಯೂಟ್ರಲ್ ತಂತಿಗೆ ಜೋಡಿಸಿದ್ದರೆ, ಆರಿಸಿದ ಮೇಲೆಯೂ ಎಲಿಮೆಂಟಿನಲ್ಲಿ ಪೂರ್ಣ ವೋಲ್ಟೇಜು ಇದ್ದೇ ಇರುತ್ತದೆ.

ಗ್ಯಾಸಿನ ಗೀಸರನ್ನು ಬಳಸುವ ಮನೆಗಳಿಗೆ ಒಂದು ಮಾತು. ಮುಚ್ಚಿದ ಬಚ್ಚಲಿನಲ್ಲಿ ಅದು ಉರಿದರೆ ಆಮ್ಲಜನಕ ಸಾಲದೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು ತೋರುವಷ್ಟರಲ್ಲಿ ಕಾಲು ಸೋತಿರುತ್ತದೆ. ಆ ಗೀಸರು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇರಬೇಕು. ಕೆಲವು ಗೀಸರುಗಳಲ್ಲಿ ಆಮ್ಲಜನಕ ಕಡಮೆಯಾದರೆ ಉರಿ ತಾನೇ ಆರುವ ಏರ್ಪಾಡು ಉಂಟು. ಹಾಗೆ ಆರಿದರೆ ಮತ್ತೆ ಹೊತ್ತಿಸಲು ಹೋಗದೆ, ಗ್ಯಾಸನ್ನು ಮುಚ್ಚಿ, ಕಿಟಕಿ ಬಾಗಿಲುಗಳನ್ನು ತೆರೆದು ಹೊರಗೆ ಬನ್ನಿರಿ.

ಯಾರಿಗಾದರೂ ವಿದ್ಯುತ್ತು ಹೊಡೆದುದನ್ನು ಕಂಡರೆ ಬರಿಗೈಯಿಂದ ಅವರನ್ನು ಹಿಡಿದೆಳೆಯಬೇಡಿರಿ. ಮೊದಲು ಮೇನನ್ನು ಆರಿಸಿರಿ. ಆಗದಿದ್ದರೆ ಒಣಗಿದ ಕಟ್ಟಿಗೆಯಿಂದ ಸರಿಸಿರಿ. ಒಡನೆಯೆ ೧೦೮ಕ್ಕೆ ಕರೆ ಮಾಡಿರಿ.

ಕೊನೆಯ ಮಾತು

ನಮ್ಮ ಗೀಸರು ಕೆಟ್ಟಿತ್ತೆಂಬುದು ನಿಜ. ಆದರೆ ಅದು ‘ನಿಂತುದು’ ದೋಷವಾಗಿರಲಿಲ್ಲ; ನಿಂತುದು ಉಪಕಾರವಾಗಿತ್ತು. ನಿಂತುದನ್ನು ನಡೆಸುವುದು ಹೇಗೆ ಎಂದು ಕೇಳುವ ಮೊದಲು, ಅದು ಏಕೆ ನಿಂತಿತು ಎಂದು ಕೇಳಬೇಕು. ನಾನು ಲೆಕ್ಕವನ್ನು ಬಲ್ಲವನಾಗಿದ್ದರೂ ಈ ಪ್ರಶ್ನೆಯನ್ನು ಕೇಳಲಿಲ್ಲ. ಶಾಲೆಯ ಮೆಟ್ಟಿಲನ್ನು ಹತ್ತದ ನನ್ನ ತಾಯಿ ಕೇಳಿದಳು. ಹಿರಿಯರು “ಚುರ್ ಅಂತೈತಿ” ಎಂದಾಗ ಪತ್ರಿಕೆಯಿಂದ ತಲೆ ಎತ್ತುವುದನ್ನು ಅಂದಿನಿಂದ ಕಲಿತಿದ್ದೇನೆ. ನೀವು ಇಂದೇ ಮನೆಗೆ ಹೋಗಿ, ಮೀಟರಿನ ಪಕ್ಕದ ಪೆಟ್ಟಿಗೆಯಲ್ಲಿ ಆ ಕೀಲು ಇದೆಯೆ ಎಂದು ಹಿರಿಯರ ಜೊತೆಗೆ ನೋಡಿರಿ. ಅದರ ಮೇಲಿನ ‘ಟಿ’ ಎಂಬ ಗುಂಡಿಯನ್ನು ಅವರಿಂದ ಒತ್ತಿಸಿರಿ. ಕೀಲು ಬಿದ್ದರೆ ಕಾವಲುಗಾರ ಎಚ್ಚರವಾಗಿದ್ದಾನೆ. ಬೀಳದಿದ್ದರೆ ವೈರ್‌ಮನ್ನನನ್ನು ಕರೆಯಿಸಲು ತಡಮಾಡಬೇಡಿರಿ.

ಅಭ್ಯಾಸ

೧. ೨೫ ಲೀಟರು ನೀರನ್ನು ೨೦ ಡಿಗ್ರಿಯಿಂದ ೬೦ ಡಿಗ್ರಿಗೆ ಏರಿಸಲು ೨,೦೦೦ ವಾಟಿನ ಗೀಸರಿಗೆ ಎಷ್ಟು ನಿಮಿಷ ಬೇಕು?

೨. ಎಂಸಿಬಿಗೂ ಆರ್‌ಸಿಸಿಬಿಗೂ ಇರುವ ವ್ಯತ್ಯಾಸವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.

೩. ಎಲಿಮೆಂಟಿನ ರೋಧವು ೨೬ ಓಮು ಇದ್ದರೂ ಅದನ್ನು ಬದಲಿಸಬೇಕಾಯಿತು. ಏಕೆ?

೪. ನಿಮ್ಮ ಮನೆಯ ಹಿರಿಯರು ಹೇಳಿದ, ನೀವು ಕಿವಿಗೆ ಹಾಕಿಕೊಳ್ಳದ ಒಂದು ಎಚ್ಚರಿಕೆಯ ಮಾತನ್ನು ನೆನೆದು ಹತ್ತು ವಾಕ್ಯಗಳಲ್ಲಿ ಬರೆಯಿರಿ.